ಬಿಳಿ ಗ್ಲೌಸು

ಕುಲ್ಸುಮ್‌ಳ ಎರಡೂ ಕೈ ಡಾಕ್ಟರ ಕತ್ತಿನ ಹತ್ತಿರ ಇದ್ದವು.

ನಾನು ಔಟ್‌ಹೌಸಿನ ಬಾಗಿಲಲ್ಲಿ, ಅಮ್ಮ ಕೊಟ್ಟು ಕಳಿಸಿದ ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದೆ. ಒಳಗೆ ನಮ್ಮ ಬಾಡಿಗೆದಾರರಾದ ಡಾಕ್ಟರ್ ಮೃತ್ಯುಂಜಯ ಗದ್ದ ಮೇಲೆತ್ತಿ ಕಣ್ಣು ಮುಚ್ಚಿಕೊಂಡಿದ್ದರು. ಆಕೆ ಅವರ ಮುಂದೆ ಒಂದು ಗೇಣು ದೂರದಲ್ಲಿ ನಿಂತು ನಗುತ್ತಿದ್ದಳು. ನಗುವಂಥದ್ದು ಅಲ್ಲೇನಿತ್ತೋ ದೇವರೇ ಬಲ್ಲ. ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಹುರಿದ ಹಾಗಾಯಿತು.

ಡಾಕ್ಟರ್ ಎಂದರೆ ದನಕರುಗಳ ಡಾಕ್ಟರು. ರಾಣೆಬೆನ್ನೂರಿನ ಕಡೆಯವರು, ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ನಮ್ಮ ಅಪ್ಪ ವೀರಬಸಪ್ಪ ಗದಗಿನಿಂದ ಬಂದು ಜಾಲಹಳ್ಳಿಯ ಕಾರ್ಖಾನೆ ಸೇರಿದವರು. ನಮ್ಮ ಕಡೆಯ ಹುಡುಗ ಎಂಬ ಒಂದೇ ಕಾರಣಕ್ಕೆ ಆರ್.ಟಿ. ನಗರದ ನಮ್ಮ ಮನೆಯ ಹಿಂದಿನ ಔಟ್‌ಹೌಸನ್ನು ಅವರಿಗೆ ಕೊಟ್ಟಿದ್ದರು. ಅದಾಗಿ ಎರಡು ವರ್ಷ. ಆ ಎರಡೂ ವರ್ಷ ನಾನು ಅವರನ್ನು ಪ್ರೀತಿಸಿದ್ದೆ. ಅವರಿಗೆ ಮಾತ್ರ ಹೇಳಿರಲಿಲ್ಲ.

"ನೀಲಾ ಅವರ, ಚಲೋ ಹೊತ್ತಿಗೆ ಬಂದ್ರಿ" ಎಂದು ಕಣ್ಣು ತೆರೆದರು. "ಇವರು ಕುಲ್ಸುಮ್. ತಣಿಸಂದ್ರದ ಖಾದರ್ ಬಾಷಾ ಅವರ ಮಗಳು. ನನಗ ಕುದುರಿ ಸವಾರಿ ಕಲಸೋರು ಇವರ."

ಕಲಿಸುವವರು ಖಾದರ್ ಬಾಷಾ ಎಂದು ನಾನು ತಿಳಿದಿದ್ದೆ. ಮಿಲಿಟರಿಯಿಂದ ನಿವೃತ್ತಿಯಾದ ಗಡ್ಡದ ಮುದುಕರು ಎಂದುಕೊಂಡು ನೆಮ್ಮದಿಯಾಗಿದ್ದೆ. ಮುದುಕರಿಗೆ ಹೀಗೊಬ್ಬ ಮಗಳಿದ್ದಾಳೆ, ಅವಳಿಗೆ ಇಷ್ಟು ಉದ್ದ ಜಡೆ ಇದೆ, ಕುದುರೆ ಸವಾರಿಯ ಪ್ಯಾಂಟು ಅವಳಿಗೆ ಇಷ್ಟು ಒಪ್ಪುತ್ತದೆ ಎಂದು ಸವಾರಿ ಕಲಿಯಲು ಹೋದ ಮೂರು ತಿಂಗಳಲ್ಲಿ ಈ ಮಹಾನುಭಾವರು ಒಂದು ದಿನವಾದರೂ ಬಾಯಿಬಿಟ್ಟಿರಲಿಲ್ಲ.

"ಇದು ಸ್ಟಾಕ್ ಅಂತ ಕಣ್ರೀ" ಎಂದು ಆಕೆ ಅವರ ಕತ್ತಿಗೆ ಸುತ್ತಿದ್ದ ಬಿಳಿ ಪಟ್ಟಿಯನ್ನು ತೋರಿಸಿದಳು. "ಶೋ ದಿನ ಟೈ ಬದ್ಲು ಇದನ್ನ ಕಟ್ಬೇಕು. ಇವರಿಗೆ ಗಂಟು ಹಾಕೋಕೇ ಬರಲ್ಲ."

"ಯಾವ ಶೋ?"

ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ, ಯಲಹಂಕದ ಆಚೆ ಒಂದು ತೋಟದ ಮೈದಾನದಲ್ಲಿ. ಡ್ರೆಸಾಜ್ ಎಂದು ಅದರ ಹೆಸರು. ಕುದುರೆ ಹಾರುವಂತಿಲ್ಲ, ರೇಸಿನ ಹಾಗೆ ಓಡುವಂತಿಲ್ಲ. ಹಗ್ಗ ಕಟ್ಟಿದ ಜಾಗದೊಳಗೆ ಅದನ್ನು ನಡೆಸಬೇಕು, ಕುಕ್ಕುಲೋಟ ಓಡಿಸಬೇಕು, ದುಂಡಗೆ ತಿರುಗಿಸಬೇಕು. ಸವಾರ ಏನೂ ಮಾಡುತ್ತಿಲ್ಲ, ಕುದುರೆಯೇ ತಾನಾಗಿ ಮಾಡುತ್ತಿದೆ ಎಂದು ಕಾಣಬೇಕು. ಜಡ್ಜ್ ಕೂತು ಮಾರ್ಕ್ಸ್ ಹಾಕುತ್ತಾರೆ. ಬಟ್ಟೆಯಲ್ಲಿ ಏರುಪೇರಾದರೆ ಒಳಕ್ಕೇ ಬಿಡುವುದಿಲ್ಲವಂತೆ.

ಮೃತ್ಯುಂಜಯ ಒಂದು ಇಂಗ್ಲಿಷ್ ಮ್ಯಾಗಝಿನ್ ತೆಗೆದು ಫೋಟೋ ತೋರಿಸಿದರು. ಹಿಂದೆ ಎರಡು ಬಾಲ ಇಳಿಬಿದ್ದ ಕರಿ ಕೋಟು, ಎತ್ತರದ ಟೋಪಿ. "ಇಂಥಾದ್ದು ಹೊಲಿಸಬೇಕಂತ ಮಾಡೇನಿ."

"ಅದು ದೊಡ್ಡ ದೊಡ್ಡ ಸವಾರರಿಗೆ, ಡಾಕ್ಟ್ರೇ. ಹೊಸಬರು ಹಾಕ್ಕೊಂಡ್ರೆ ಮದುವೆ ಬ್ಯಾಂಡ್‌ನವರು ಬಂದ್ರು ಅಂತಾರೆ" ಎಂದಳು ಕುಲ್ಸುಮ್. "ನಿಮಗೆ ಗಿಡ್ಡ ಕೋಟು ಸಾಕು, ನೇವಿ ಬ್ಲೂ. ಬಿಳಿ ಶರ್ಟು, ಕ್ರೀಮ್ ಸವಾರಿ ಪ್ಯಾಂಟು. ಬೂಟು, ಟೋಪಿ ಅಬ್ಬಾದು ಕೊಡ್ತೀನಿ. ಜಡ್ಜ್ ಕುದುರೆ ನೋಡ್ಬೇಕು, ನಿಮ್ಮನ್ನಲ್ಲ. ಕೋಟು ನಾನೇ ಶಿವಾಜಿನಗರದಲ್ಲಿ ಹೊಲಿಸ್ಕೊಂಡ್ ಬರ್ತೀನಿ."

"ಬೇಡ, ನಾನು ಹೊಲೀತೀನಿ" ಎಂದೆ.

ಇಬ್ಬರೂ ನನ್ನತ್ತ ತಿರುಗಿದರು. ನಾನು ಯಶವಂತಪುರದ ಮಹಿಳಾ ಹೊಲಿಗೆ ಶಾಲೆಯಲ್ಲಿ ಕಟಿಂಗ್ ಕಲಿಸುತ್ತಿದ್ದೆ. ಲಂಗ, ರವಿಕೆ, ಫ್ರಾಕು. ಗಂಡಸರ ಕೋಟನ್ನು ಜನ್ಮದಲ್ಲಿ ಹೊಲಿದಿರಲಿಲ್ಲ. ಆದರೂ ಆ ಹುಡುಗಿ ತಂದ ಕೋಟನ್ನು ಅವರು ತೊಟ್ಟುಕೊಳ್ಳುವುದಕ್ಕಿಂತ ನಾನು ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದೇ ವಾಸಿ ಅನ್ನಿಸಿತು.

ಅದೇ ವಾರ ಹಿತ್ತಲಲ್ಲಿ ಟ್ರಯಲ್ ಇಟ್ಟುಕೊಂಡೆ. ಕುದುರೆಯ ಮೇಲೆ ಹಾಕುವ ಕೋಟನ್ನು ನಿಂತವರ ಮೈಮೇಲೆ ನೋಡಿ ಉಪಯೋಗವಿಲ್ಲ. ಕೂತಾಗ ಹಿಂದಿನ ಸೀಳು ಬಿಚ್ಚಿಕೊಂಡು ಎರಡೂ ಬದಿಗೆ ಇಳಿಯಬೇಕು, ಮುಂದೆ ಗುಂಡಿ ಎಳೆಯಬಾರದು. ಹಾಗಾಗಿ ಮರದ ಬೆಂಚಿನ ಮೇಲೆ ಎರಡು ದಿಂಬು ಕಟ್ಟಿ, ಅದರ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರಿಸಿದೆ.

"ಕುದುರಿಗೆ ಹೆಸರೇನಿಟ್ಟೀರಿ?" ಎಂದರು.

"ಬಾಯಿ ಮುಚ್ಕೊಂಡು ನೆಟ್ಟಗೆ ಕೂತ್ಕೊಳ್ಳಿ."

ಕೂತರು. ಅವರ ಭುಜದ ಮೇಲೆ ನಾನು ಪಿನ್ನು ಹಾಕುತ್ತಿದ್ದರೆ ನನ್ನ ಕಿವಿಯ ಜುಮಕಿಯನ್ನೇ ನೋಡುತ್ತಿದ್ದರು. ನಾನು ತಲೆ ಎತ್ತಿದರೆ ಸೀಬೆ ಮರ ನೋಡುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗಿ ಕೈ ನಿಧಾನ ಮಾಡಿದೆ.

ಅಷ್ಟರಲ್ಲಿ "ಭುಜ ಇಳಿಬಿಡಬೇಕಂತ, ಕುಲ್ಸುಮ್ ಹೇಳ್ಯಾರ" ಎಂದರು. "ಕೂತಿದ್ದು ಚಲೋ ಐತಿ, ಕೈ ಅಷ್ಟ ಇನ್ನೂ ಹಗುರ ಆಗಬೇಕು ಅಂತಾರ ಕುಲ್ಸುಮ್. ಕುಲ್ಸುಮ್ ಹಿಡದ್ರ ಲಗಾಮು ಹಿಡದಂಗ ಇರಂಗಿಲ್ರಿ, ಹೂವು ಹಿಡದಂಗ..."

ಪಿನ್ನು ಚುಚ್ಚಿತು. ಬೇಕೆಂದೇ ಚುಚ್ಚಿದೆನೋ ತಪ್ಪಿ ಚುಚ್ಚಿತೋ, ನಾನು ವಿಚಾರಿಸಲು ಹೋಗಲಿಲ್ಲ.

"ನೀಲಾ" ಎಂದು ಅಡುಗೆಮನೆ ಕಿಟಕಿಯಿಂದ ಅಮ್ಮ ಕೂಗಿದಳು. ನಮ್ಮಮ್ಮ ಶಿವಲಿಂಗವ್ವನಿಗೆ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಗದಗಿನ ಮಾತು ಹೋಗಿಲ್ಲ, ಗದಗಿನ ದನಿಯಂತೂ ಹೋಗಿಲ್ಲ. "ಹುಬ್ಬಳ್ಳಿ ಮಂದಿ ನಿನ್ನ ಫೋಟೋ ಒಪ್ಯಾರಂತವಾ. ಮುಂದಿನ ಐತಾರ ಸಂಜಿಮುಂದ ಹೂಂ, ಊಹೂಂ ಏನರ ಒಂದು ಹೇಳಬೇಕಂತ."

ಬೆಂಚಿನ ಮೇಲಿದ್ದವರು ಕೋಟಿನ ಗುಂಡಿ ಬಿಚ್ಚತೊಡಗಿದರು.

"ಹುಡುಗ ಏನ ಮಾಡ್ತಾರ್ರಿ?" ಎಂದು ಕೇಳಿದರು.

"ಬ್ಯಾಂಕಲ್ಲಿದಾರಂತೆ."

"ಚಲೋ ನೌಕರಿ."

"ಹೌದು. ಚಲೋ ನೌಕರಿ" ಎಂದೆ. ಬೇಡ ಅನ್ನಿ, ಒಂದು ಮಾತು ಬೇಡ ಅನ್ನಿ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಅವರು ಕೋಟು ಬಿಚ್ಚಿ ಮಡಿಸಿ ನನ್ನ ಕೈಗೆ ಕೊಟ್ಟು ಔಟ್‌ಹೌಸಿಗೆ ನಡೆದರು. ಇನ್ನೇನು, ಅವರಿಗೆ ಕುಲ್ಸುಮ್ ಇದ್ದಾಳೆ, ನಾನು ಹುಬ್ಬಳ್ಳಿಗೆ ಹೋದರೂ ಒಂದೇ ಹುಣಸೂರಿಗೆ ಹೋದರೂ ಒಂದೇ ಎಂದು ಅವತ್ತು ತೀರ್ಮಾನಿಸಿ, ಮಶೀನಿನ ಮುಂದೆ ಕೂತು ಅತ್ತೆ.

ಕೋಟು ಮುಗಿಯಿತು. ಶೋಗೆ ಎರಡು ದಿನ ಇರುವಾಗ ಸ್ಟಾಕ್ ಕಟ್ಟಿ ನೋಡೋಣವೆಂದು ಔಟ್‌ಹೌಸಿಗೆ ಹೋದರೆ, ಮೇಜಿನ ಮೇಲೆ ಕಪ್ಪು ಚರ್ಮದ ಒಂದು ಜೊತೆ ಗ್ಲೌಸು. ಬೆರಳು ಹಾಕಿ ಹಾಕಿ ಮೆತ್ತಗಾಗಿದ್ದವು.

"ಯಾರದು ಇದು?"

"ಕುಲ್ಸುಮ್ ಅವರ‍್ದು. ಶೋಕ್ಕ ಹಾಕ್ಕೋರಿ ಅಂತ ಕೊಟ್ಟಾರ."

ಅವಳ ಕೈ ಇದ್ದ ಜಾಗದಲ್ಲಿ ಇವರ ಕೈ. ನನಗೆ ಮೈಯೆಲ್ಲಾ ಉರಿಯಿತು. "ಬೇರೆಯವರ ಹಳೇದು ಯಾಕೆ? ನಾನು ಹೊಸದು ಹೊಲೀತೀನಿ. ಬಿಳೀದು. ಶರ್ಟಿಗೂ ಸ್ಟಾಕಿಗೂ ಬಿಳೀನೇ ಒಪ್ಪೋದು."

"ಆದ್ರ ಕುಲ್ಸುಮ್ ಏನ ಹೇಳಿದ್ರಂದ್ರ, ಕಪ್ಪ..."

"ಮತ್ತೆ ಕುಲ್ಸುಮ್" ಎಂದೆ. "ಕೋಟು ಹೊಲಿದವಳು ನಾನು. ನನ್ನ ಕೋಟಿನ ಜೊತೆ ಅವಳ ಗ್ಲೌಸು ಹೋಗಲ್ಲ."

ಅವರು ನನ್ನನ್ನು ನೋಡಿದರು. ಸೀಬೆ ಮರ ನೋಡಲಿಲ್ಲ, ಜುಮಕಿ ನೋಡಲಿಲ್ಲ, ನೇರ ಕಣ್ಣನ್ನೇ ನೋಡಿದರು. ಕಪ್ಪು ಗ್ಲೌಸನ್ನು ಎತ್ತಿ ಗೂಡಿನಲ್ಲಿಟ್ಟರು.

"ಬಿಳೀದ ಇರಲಿ" ಎಂದರು.

ಮೇಜಿನ ಮೇಲೆ ಕಂದು ಕಾಗದ ಹಾಸಿ, ಅದರ ಮೇಲೆ ಅವರ ಅಂಗೈ ಇರಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಹೆಬ್ಬೆರಳು ಹತ್ತಿ ಇಳಿದು, ತೋರುಬೆರಳು ಹತ್ತಿ ಇಳಿದು, ಬೆರಳ ಸಂದಿಗಳಲ್ಲಿ ಪೆನ್ಸಿಲು ಮೆಲ್ಲಗೆ ಹೋಯಿತು. ಅವರ ಕೈ ನಡುಗುತ್ತಿತ್ತು.

"ಯಾಕೆ ನಡುಗ್ತಿದೆ?"

"ಕಚಗುಳಿ" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಭಾನುವಾರ ಬೆಳಿಗ್ಗೆ ಯಲಹಂಕದ ಆ ಮೈದಾನದಲ್ಲಿ ಜನವರಿಯ ಮಂಜು ಇನ್ನೂ ಬಿಟ್ಟಿರಲಿಲ್ಲ. ಅಮ್ಮನೂ ಬುತ್ತಿ ಕಟ್ಟಿಕೊಂಡು ನಮ್ಮ ಜೊತೆ ಬಂದಿದ್ದಳು. ಕುದುರೆಗಳಿಂದ ದೂರವಿರಬೇಕೆಂದು ಮರದ ಕೆಳಗೆ ಜಾಗ ಹಿಡಿದಿದ್ದಳು. ಕುಲ್ಸುಮ್ ಕುದುರೆಗೆ ಜೀನು ಬಿಗಿಯುತ್ತಿದ್ದಳು. ಇದ್ದಲಿಗಿಂತ ಕಪ್ಪು ಹೆಣ್ಣು ಕುದುರೆ, ಹೆಸರು ನೂರಿ.

ಸ್ಟಾಕ್ ನಾನು ಕಟ್ಟಿದೆ. ಕುಲ್ಸುಮ್ ಕಟ್ಟುವಾಗ ಕಣ್ಣು ಮುಚ್ಚಿದ್ದವರು ಈಗ ತೆರೆದೇ ಇದ್ದರು. ಅವರ ಉಸಿರು ನನ್ನ ಹಣೆಗೆ ತಾಗುತ್ತಿತ್ತು.

"ಕಣ್ಣು ಮುಚ್ಕೊಳ್ಳಿ" ಎಂದೆ.

"ಯಾಕ್ರೀ?"

"ಹೀಗೆ ನೋಡಿದ್ರೆ ನನಗೆ ಗಂಟು ಬರಲ್ಲ."

ಮುಚ್ಚಲಿಲ್ಲ. ಹೇಗೋ ಗಂಟು ಹಾಕಿ, ಪಿನ್ನು ಸಿಕ್ಕಿಸಿ, ಬಿಳಿ ಗ್ಲೌಸು ಕೊಟ್ಟೆ. ಒಂದೊಂದೇ ಬೆರಳು ತೂರಿಸಿ ಹಾಕಿಕೊಂಡರು. ಅಳತೆ ಎಷ್ಟು ಸರಿಯಾಗಿತ್ತೆಂದರೆ ನನಗೇ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಅವರು ಹಗ್ಗದೊಳಗೆ ಹೋದ ಮೇಲೆ ಕುಲ್ಸುಮ್ ನನ್ನ ಪಕ್ಕ ಬಂದು ನಿಂತಳು. "ಬಿಳಿ ಯಾಕ್ರೀ ಹಾಕ್ಸಿದ್ರಿ? ಕಪ್ಪು ಕೊಟ್ಟಿದ್ನಲ್ಲ."

"ನೀವು ಕೊಟ್ಟಿದ್ದು ಅಂತಾನೇ ಹಾಕಿಸ್ಲಿಲ್ಲ" ಎಂದೆ. ಸುಳ್ಳು ಹೇಳಲು ನನಗೆ ತಾಳ್ಮೆ ಇರಲಿಲ್ಲ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಡಾಕ್ಟ್ರು ನನಗ್ಯಾಕ್ರೀ? ಪಾಠ ಹೇಳಿದ್ರೆ ಕಿವಿಗೆ ಹಾಕ್ಕೊಳ್ಳಲ್ಲ. ನೀಲಾ ಹೀಗಂದ್ರು, ನೀಲಾ ಹಾಗಂದ್ರು. ನಿಮ್ಮ ಹೆಸರು ಕೇಳಿ ಕೇಳಿ ನನ್ನ ಕುದುರೆಗೂ ಸಾಕಾಗಿದೆ."

ನಾನು ಹಗ್ಗದೊಳಗಿದ್ದವರ ಕಡೆ ತಿರುಗಿದೆ.

"ಹೊಸಬರ ಕೈ ಅಲ್ಲಾಡುತ್ತೆ" ಎಂದು ಅವಳೇ ಮುಂದುವರಿಸಿದಳು. "ಕಪ್ಪು ಕುದುರೆ, ಕಪ್ಪು ಗ್ಲೌಸು, ಜಡ್ಜ್ ಕಣ್ಣಿಗೆ ಬೀಳಲ್ಲ. ಬಿಳಿಯಾದ್ರೆ ಅಷ್ಟು ದೂರಕ್ಕೂ ಕಾಣುತ್ತೆ. ಅದಕ್ಕೇ ಹೊಸಬರಿಗೆ ಬಿಳಿ ಬೇಡ ಅನ್ನೋದು."

"ಅವರಿಗೆ ಗೊತ್ತಿತ್ತಾ?"

"ಹೇಳಿದೀನಲ್ಲ. ಗೊತ್ತಿದ್ದೂ ಯಾಕೆ ಬಿಳಿ ಅಂತ ನಿನ್ನೆನೂ ಕೇಳ್ದೆ. ನೀಲಾ ಹೊಲ್ದಾರ ಅಂದ್ರು, ಅಷ್ಟೇ." ಮತ್ತೆ ಸೇರಿಸಿದಳು. "ಮುಂಚೆ ಇಷ್ಟು ನಡುಗ್ತಿರ್ಲಿಲ್ಲ. ಹೋದ ವಾರದಿಂದ. ನಿಮಗ್ಯಾವುದೋ ಹುಬ್ಬಳ್ಳಿ ಗಂಡು ಬಂದಿದೆಯಂತಲ್ಲ."

ನಾನು ಹಗ್ಗ ಹಿಡಿದುಕೊಂಡೆ. ಒಳಗೆ ನೂರಿ ತಿರುಗುತ್ತಿದ್ದಳು. ಕೋಟಿನ ಸೀಳು ಎರಡೂ ಬದಿಗೆ ಚೆನ್ನಾಗಿ ಇಳಿದಿತ್ತು, ಭುಜ ಇಳಿದಿತ್ತು, ಬೆನ್ನು ನೆಟ್ಟಗಿತ್ತು. ಆ ಕಪ್ಪು ಕುದುರೆಯ ಕತ್ತಿನ ಮೇಲೆ ಎರಡು ಬಿಳಿ ಕೈಗಳು ಮಾತ್ರ ನಡುಗುತ್ತಿದ್ದವು. ಮೈದಾನದ ಈ ತುದಿಗೂ ಕಾಣುತ್ತಿತ್ತು. ಕುದುರೆ ಗೊಂದಲಗೊಂಡು ತಲೆ ಕೊಡವಿತು, ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಕುರ್ಚಿಯಲ್ಲಿದ್ದ ಜಡ್ಜ್ ಪಕ್ಕದವರಿಗೆ ಏನೋ ಹೇಳಿ ಬರೆಸಿದರು. ನಾನೇ ಹೊಲಿದ ಬಟ್ಟೆ ನಾನು ಪ್ರೀತಿಸಿದವರ ಮಾನ ಕಳೆಯುವುದನ್ನು ಕೊನೆಯವರೆಗೂ ನಿಂತು ನೋಡಿದೆ.

ಅವರು ಹೊರಗೆ ಬಂದು ಇಳಿದರು. ಕುಲ್ಸುಮ್ ಕುದುರೆಯನ್ನು ಹಿಡಿದು ಆಚೆ ಕರೆದೊಯ್ದಳು.

"ಕಡೇ ನಂಬರ್ ನಂದ ಅನಸ್ತೈತಿ" ಎಂದರು ಮೃತ್ಯುಂಜಯ. "ಕೋಟು ಮಾತ್ರ ಚಲೋ ಕುಂತಿತ್ರಿ."

"ಬಿಳಿ ಹಾಕಿದ್ರೆ ಕಾಣುತ್ತೆ ಅಂತ ಯಾಕೆ ಹೇಳ್ಲಿಲ್ಲ?"

ಅವರು ಕುಲ್ಸುಮ್ ಹೋದ ದಿಕ್ಕಿಗೆ ಒಮ್ಮೆ ನೋಡಿದರು. "ಹೇಳಿದ್ರ ನೀವು ಬಿಚ್ಚಸ್ತಿದ್ರಿ."

"ಬಿಚ್ಚಿಸ್ಲೇಬೇಕಿತ್ತು. ಮೂರು ತಿಂಗಳು ಕಷ್ಟಪಟ್ಟಿದೀರಿ."

"ಮುಂದಿನ ಶೋ ಹೊತ್ತಿಗೆ ನೀವು ಹುಬ್ಬಳ್ಳ್ಯಾಗ ಇರ್ತೀರಿ, ನೀಲಾ. ನೀವು ನನಗಂತ ಹೊಲದಿದ್ದು ಒಂದ ಸಲೆ ಆದ್ರೂ ಹಾಕ್ಕೋಬೇಕು ಅನಸ್ತು. ಮಾರ್ಕ್ಸ್ ಹೋದ್ರ ಹೋಗ್ಲಿ ಅನಸ್ತು."

ಎರಡು ವರ್ಷ ನುಂಗಿಕೊಂಡಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ನನಗೆ ಹುಬ್ಬಳ್ಳಿ ಬೇಡ, ನೀವು ಬೇಕು. ಅವತ್ತು ಅವಳು ನಿಮ್ಮ ಕತ್ತು ಮುಟ್ಟಿದಾಗಿಂದ ನನಗೆ ಅನ್ನ ಸೇರ್ತಿಲ್ಲ. ಅವಳ ತಪ್ಪೇನೂ ಇಲ್ಲ ಅಂತ ಈಗ ಗೊತ್ತಾಯ್ತು. ಆದ್ರೂ ಹೊಟ್ಟೆಕಿಚ್ಚು ಹೋಗಿಲ್ಲ."

ಅವರು ನಕ್ಕರು. ಕಣ್ಣು ತುಂಬಿ ನಕ್ಕರು. "ಆ ಬ್ಯಾಂಕಿನವನ ಮ್ಯಾಲೆ ನನಗೂ ಅಷ್ಟ ಐತ್ರಿ. ಅವನ ಮಾರಿ ಸುದ್ದಾ ನೋಡಿಲ್ಲ ನಾನು" ಎಂದು ನನ್ನ ಕೈ ಹಿಡಿದರು. ಗ್ಲೌಸಿನ ಮೇಲಿಂದಲೂ ಅವರ ಕೈ ಬಿಸಿಯಾಗಿತ್ತು.

"ಏನಾತಪಾ, ಪಾಸಾದಿ?" ಎಂದು ಹಿಂದಿನಿಂದ ಅಮ್ಮನ ದನಿ ಬಂತು. ಕೈ ಬಿಡಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ.

"ಫೇಲ್ ಆದೆ, ಕಾಕು." ಚಿಕ್ಕಮ್ಮ ಎಂಬ ಅರ್ಥದಲ್ಲಿ ಎರಡು ವರ್ಷದಿಂದ ಅಮ್ಮನನ್ನು ಹಾಗೇ ಕರೆಯುತ್ತಿದ್ದರು.

"ಇರ್ಲಿ ಬಿಡಪಾ. ಒಂದೀಟು ರೊಟ್ಟಿ ತಿನ್ನು." ಅಮ್ಮ ಬುತ್ತಿಯ ಗಂಟು ಬಿಚ್ಚತೊಡಗಿದಳು, ನಮ್ಮ ಕೈ ಇನ್ನೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. "ನೀಲಾ, ಲಗೂನ ಮನಿ ಮುಟ್ಟಬೇಕವಾ. ನಿಮ್ಮಪ್ಪ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡ್ತೀನಿ ಅಂದಾರ. ಏನಂತ ಹೇಳೂದು?"

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು. "ಬ್ಯಾಡ ಅಂತ ಹೇಳ್ರಿ, ಅತ್ತಿ."

ಅಮ್ಮನ ಕೈ ಗಂಟಿನ ಮೇಲೇ ನಿಂತಿತು. ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ನಮ್ಮ ಕೈ ನೋಡಿದಳು. ಅಮ್ಮ ಸಾವಕಾಶವಾಗಿ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, ಅವರ ಮುಂದೆ ಹಿಡಿದಳು.

"ನಾ ಯಾಕ ಹೇಳಲಿ?" ಎಂದಳು. "ನಿಮ್ಮ ಮಾವಗ ನೀನ ಹೇಳು."