ಎಡಗಡೆಯ ಕಿಟಕಿ

"ಫೋಟೋ ಇಲ್ಲ."

ಅಮ್ಮ ಹೇಳಿದ್ದು ಅಷ್ಟೇ. ಆಮೇಲೆ ಕೈಚೀಲವನ್ನು ಮಂಚದ ಮೇಲೆ ಬೋರಲು ಹಾಕಿದಳು. ಕನ್ನಡಕ, ಪಾಸ್‌ಪೋರ್ಟು, ಗುಳಿಗೆಯ ಡಬ್ಬಿ, ವಿಮಾನದಲ್ಲಿ ಕೊಟ್ಟಿದ್ದ ಪೆಪ್ಪರ್‌ಮಿಂಟು. ಫೋಟೋ ಮಾತ್ರ ಇರಲಿಲ್ಲ.

ಪರದೇಶದ ಊರು, ಬಾಡಿಗೆಯ ಕೋಣೆ, ನಾವು ಬಂದಿಳಿದ ಮರುದಿನದ ಬೆಳಗು. ಬಂದದ್ದೇ ಆ ಫೋಟೋದಲ್ಲಿದ್ದ ಮನೆಯನ್ನು ನೋಡಲು.

ಅಪ್ಪ ಈ ಊರಿನ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ಕಾಲದಲ್ಲಿ ನಾವು ಆ ಮನೆಯಲ್ಲಿದ್ದೆವು. ನಾನು ಕೈಗೂಸು, ಅಣ್ಣ ಶಾಲೆಗೆ ಹೋಗುತ್ತಿದ್ದ. ಆಮೇಲೆ ಹಡಗು ಹತ್ತಿ ವಾಪಸಾದೆವು, ಅಪ್ಪ ತೀರಿಕೊಂಡ, ವರ್ಷಗಳು ಉರುಳಿದವು. ಉಳಿದದ್ದು ಆ ಒಂದು ಫೋಟೋ. ಬಾಗಿಲ ಮುಂದೆ ಅಪ್ಪ ನಗುತ್ತ ನಿಂತಿದ್ದಾನೆ, ಹಿಂದಿನ ಗೋಡೆಯಲ್ಲಿ ಬೀದಿಯ ಹೆಸರು, ಮನೆಯ ಸಂಖ್ಯೆ.

"ಬೀದಿ ಹೆಸರು ನೆನಪಿಲ್ವಾ ಅಕ್ಕ?" ಚಿಕ್ಕಮ್ಮ ಕೇಳಿದಳು.

"ಅದು ನನ್ನ ನಾಲಿಗೆಗೆ ಯಾವತ್ತು ಹೊರಳಿತ್ತು? ಕಾಗದವೆಲ್ಲ ಬಂದರಿನ ಆಫೀಸಿಗೇ ಬರ್ತಿತ್ತು." ಅಮ್ಮ ಖಾಲಿ ಚೀಲವನ್ನು ಮತ್ತೊಮ್ಮೆ ಕೊಡವಿದಳು. "ಬೀದಿ ಹೋಗ್ಲಿ ಬಿಡು. ಅವರು ನಕ್ಕಿದ್ದ ಫೋಟೋ ಅದೊಂದೇ ಇದ್ದದ್ದು."

ಮೊಬೈಲ್ ಫೋನು ಇನ್ನೂ ಎಲ್ಲರ ಜೇಬಿಗೂ ಬಂದಿರದ ಕಾಲ ಅದು. ಪರ ಊರಿನಲ್ಲಿ ದಾರಿ ಸಿಗಬೇಕೆಂದರೆ ಮಡಿಚಿದ ನಕಾಶೆ ಬಿಚ್ಚಬೇಕು, ಇಲ್ಲವೇ ಬಾಯಿ ಬಿಚ್ಚಬೇಕು. ಆ ನಕಾಶೆ ತಿಂಗಳುಗಟ್ಟಲೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಾಸಿಕೊಂಡಿತ್ತು. ಅಣ್ಣ ತಟ್ಟೆ ಸರಿಸಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ. ಯಾವ ವಿಮಾನ, ಅಮ್ಮನ ಕಾಲು ಊದಿಕೊಳ್ಳದ ಹಾಗೆ ನಡುವೆ ಎಲ್ಲಿ ಇಳಿದು ದಣಿವಾರಿಸಿಕೊಳ್ಳುವುದು, ಯಾವ ಟ್ರಾಮು, ಕಾಫಿ ಎಲ್ಲಿ. ನಾವೆಲ್ಲ ಮೂತಿ ತೂರಿಸಿ ನೋಡುತ್ತಿದ್ದೆವು. ಹೊರಡುವುದಕ್ಕಿಂತ ಆ ತಯಾರಿಯೇ ಚೆಂದವಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿ ಎಳೆದುಕೊಂಡಳು. ಜೀವಮಾನವಿಡೀ ಕಸ್ಟಮ್ಸ್‌ನಲ್ಲಿ ಕಂಡವರ ಪೆಟ್ಟಿಗೆ ತೆರೆಸಿ ನಿವೃತ್ತಳಾದವಳು. ಅವಳ ಮುಂದೆ ನಿಂತರೆ ತಪ್ಪು ಮಾಡದವರಿಗೂ ಬೆವರು.

"ಕೊನೇ ಸಲ ಯಾವಾಗ ನೋಡಿದೆ?"

"ವಿಮಾನದಲ್ಲಿ. ಊಟ ಆದ್ಮೇಲೆ ಗಗನಸಖಿಗೆ ತೋರಿಸಿದೆ. ಪಾಪ, ಚೆನ್ನಾಗಿದೆ ಅಂದ್ಲು. ಚೀಲದಲ್ಲಿಟ್ಟು ಮಲಗಿದೆ."

"ಚೀಲ ಎಲ್ಲಿತ್ತು?"

"ಕಾಲ ಹತ್ರ."

"ಇಲ್ಲಿಗೆ ಬಂದ್ಮೇಲೆ?"

"ದಿಂಬಿನ ಕೆಳಗೆ. ಗೊತ್ತಿಲ್ಲದ ಊರು ನೋಡು."

"ಕೋಣೆ ಗುಡಿಸೋಳು ಬಂದಿದ್ಲಲ್ಲ ಬೆಳಿಗ್ಗೆ?" ಎಂದಳು ಅತ್ತಿಗೆ.

"ಬಂದಿದ್ಲು. ಪಾಸ್‌ಪೋರ್ಟು ಬಿಟ್ಟು, ಬೇರೆಯವರ ಗಂಡನ ಫೋಟೋ ಕದೀತಾಳಾ?" ಚಿಕ್ಕಮ್ಮ ಅತ್ತಿಗೆಯತ್ತ ತಿರುಗಿದಳು. "ಫೋಟೋ ಮಾಸ್ತಿದೆ, ಸ್ಟುಡಿಯೋಗೆ ಕೊಟ್ಟು ಇನ್ನೊಂದು ಪ್ರತಿ ತೆಗೆಸೋಣ ಅಂತ ಹಠ ಹಿಡಿದಿದ್ದವಳು ನೀನು, ಅಲ್ವಾ?"

ಅತ್ತಿಗೆಯ ಮುಖ ಕೆಂಪಾಯಿತು. "ಹೌದು, ಕೇಳಿದ್ದೆ. ಅತ್ತೆ ಕೊಡಲಿಲ್ಲ. ಅದಕ್ಕೆ ನಾನು ಕದ್ದೆ ಅಂತಾನಾ?"

"ನೀನು ನನ್ನ ಪಕ್ಕದಲ್ಲಿ, ಹಿಂದಿನ ಸಾಲಲ್ಲಿ ಕೂತಿದ್ದೆ. ಸೀಟಿನ ಬೆಲ್ಟು ಬಿಚ್ಚೋಕೂ ಹೆದರಿ ಹಾಗೇ ಬಂದೆ. ನಿನ್ನದಲ್ಲ ಈ ಕೆಲಸ." ನನ್ನತ್ತ ನೋಡಿದಳು. "ನೀನು?"

"ನಾನು ನಿದ್ದೆ ಮಾಡಿದ್ದೆ ಚಿಕ್ಕಮ್ಮ."

"ಗೊತ್ತು. ನಿನ್ನ ಗೊರಕೆಗೆ ವಿಮಾನದ ಸದ್ದು ಕೇಳಿಸ್ತಿರಲಿಲ್ಲ."

ಕಿಟಕಿಯ ಬಳಿ ಅಮ್ಮ, ನಡುವೆ ಅಣ್ಣ, ಓಡಾಡುವ ದಾರಿಯ ಕಡೆ ನಾನು. ಉಳಿದದ್ದು ಒಬ್ಬನೇ. ಆದರೆ ಅವನೇಕೆ ಕದಿಯುತ್ತಾನೆ? ಇಷ್ಟೆಲ್ಲ ಏರ್ಪಾಡು ಮಾಡಿ ಕರೆತಂದವನು ಅವನೇ. ಈಗಲೂ ಮಂಡಿಯೂರಿ ಮಂಚದ ಕೆಳಗೆ ಹುಡುಕುತ್ತಿದ್ದ.

"ಸಿಗದಿದ್ರೂ ಚಿಂತೆ ಇಲ್ಲಮ್ಮ," ಅವನು ಎದ್ದು ಮೊಣಕಾಲಿನ ಧೂಳು ಒರೆಸಿದ. "ಬಂದರಿನ ಹತ್ರ ಹಳೇ ಬೀದಿಗಳಿವೆ. ತಿರುಗಾಡಿ ಪತ್ತೆ ಮಾಡೋಣ. ನೋಡಿದ್ರೆ ನನಗೆ ಗುರುತು ಸಿಗುತ್ತೆ."

"ನೀನು ಹೇಗೂ ಬಂದು ಹೋದವನು," ಎಂದಳು ಚಿಕ್ಕಮ್ಮ.

"ಚಿಕ್ಕಂದಿನಲ್ಲಿ ಇದ್ದೆನಲ್ಲ."

"ಚಿಕ್ಕಂದಿನದ್ದಲ್ಲ ನಾನು ಕೇಳ್ತಿರೋದು. ದೊಡ್ಡವನಾದ್ಮೇಲೆ ಯಾವಾಗ ಬಂದಿದ್ದೆ?"

ಅಣ್ಣ ಕಿಟಕಿಯತ್ತ ತಿರುಗಿದ. ಹೊರಗೆ ಟ್ರಾಮೊಂದು ಕಿರುಗುಟ್ಟುತ್ತ ತಿರುವು ದಾಟಿತು.

"ಹೊರಗೆ ಹೋಗಿ ಮಾತಾಡೋಣ ಚಿಕ್ಕಮ್ಮ."

"ಬೇಡ. ಅಕ್ಕನ ಸೊತ್ತು, ಅಕ್ಕನ ಮುಂದೇನೇ ಮಾತಾಗಲಿ." ಅವಳ ದನಿ ಗಡುಸಾಗಿತ್ತು, ಕಣ್ಣು ಮಾತ್ರ ಹಾಗಿರಲಿಲ್ಲ. "ವಿಮಾನ ನಿಲ್ದಾಣದ ಕೌಂಟರಿನಲ್ಲಿ ಏನು ಕೇಳಿದೆ, ನೆನಪಿದೆಯಾ? 'ಅಮ್ಮನಿಗೆ ಎಡಗಡೆ ಕಿಟಕೀನೇ ಕೊಡಿ, ಇಳಿಯುವಾಗ ಬಂದರು ಆ ಕಡೆ ಕಾಣುತ್ತೆ.' ನಾವೆಲ್ಲ ಎಂಥಾ ಮಗ ಅಂದ್ಕೊಂಡ್ವಿ. ಹಾಗೇ ಕಂಡಿತು ಕೂಡ. ಅಕ್ಕ ಅತ್ತುಬಿಟ್ಟಳು. ಆದ್ರೆ ನೀವು ಈ ಊರಿಗೆ ಬಂದದ್ದು ಹಡಗಲ್ಲಿ, ಬಿಟ್ಟದ್ದೂ ಹಡಗಲ್ಲಿ. ಆಕಾಶದಿಂದ ಬಂದರು ಯಾವ ಕಡೆಗೆ ಕಾಣುತ್ತೆ ಅಂತ ನಿನಗೆ ಯಾರು ಹೇಳಿದ್ರು?"

ಆ ಮಾತನ್ನು ನಾನೂ ಕೇಳಿದ್ದೆ. ಮೆಚ್ಚಿಕೊಂಡು ಮರೆತಿದ್ದೆ.

"ಇನ್ನೊಂದು," ಚಿಕ್ಕಮ್ಮ ನಕಾಶೆ ಬಿಡಿಸಿದಳು. "ಕಾಫಿ ಕುಡಿಯೋ ಜಾಗಕ್ಕೂ ಗುರುತು ಹಾಕಿದ್ದೀಯ. ಮನೆಗೆ ಮಾತ್ರ ಹಾಕಿಲ್ಲ. ಕೇಳಿದಾಗಲೆಲ್ಲ 'ಅಲ್ಲಿ ಹೋದ್ಮೇಲೆ ನೋಡೋಣ' ಅಂದೆ. ಆ ಮನೆಗೆ ಹೋಗೋ ಮನಸ್ಸೇ ನಿನಗಿರಲಿಲ್ಲ." ಗೋಡೆಗೆ ತೂಗುಹಾಕಿದ್ದ ಕೋಟಿನತ್ತ ಬೆರಳು ತೋರಿಸಿದಳು. "ಒಳಜೇಬಿಂದ ವಿಮಾನದ ವಾಂತಿ ಚೀಲ ಇಣುಕ್ತಿದೆ. ಅದನ್ನು ಯಾರೂ ಬಿಚ್ಚಿ ನೋಡಲ್ಲ ಅನ್ನೋದು ನಮ್ಮ ಇಲಾಖೆಗೆ ಹಳೇ ಕಥೆ. ತೆಗಿ."

ಅಣ್ಣ ತೆಗೆದ. ಕಾಗದದ ಚೀಲದೊಳಗಿಂದ ಅಪ್ಪ ನಗುತ್ತ ಹೊರಬಂದ.

ಫೋಟೋವನ್ನು ಅಮ್ಮನ ಕೈಗೆ ಕೊಟ್ಟು ಅವನು ನೆಲ ನೋಡುತ್ತ ನಿಂತ. ತರಬೇತಿಗೆಂದು ಕಂಪನಿ ಅವನನ್ನು ವಿದೇಶಕ್ಕೆ ಕಳಿಸಿತ್ತಲ್ಲ, ಆಗ ವಿಮಾನ ಬದಲಿಸಲು ಇಲ್ಲಿ ಒಂದು ಹಗಲು ಇಳಿಯಬೇಕಾಗಿತ್ತಂತೆ. ನೆನಪಿನ ಮೇಲೆಯೇ ಓಡಿ ಹೋಗಿದ್ದ.

"ಮನೆ ಇಲ್ಲಮ್ಮ. ಕೆಡವಿಬಿಟ್ಟಿದ್ದಾರೆ. ಕಾರು ನಿಲ್ಲಿಸೋ ಕಟ್ಟಡ ಕಟ್ಟಿದ್ದಾರೆ ಅಲ್ಲಿ." ಅವನು ತಲೆಯೆತ್ತಿ ಅಮ್ಮನತ್ತ ನೋಡಿದ. "ನೀನು ಕರ್ಕೊಂಡು ಹೋಗು ಅಂತ ಕೇಳ್ತಾನೇ ಇದ್ದೆ. ನಿನ್ನ ಬಿಟ್ಟು ನಾನೊಬ್ಬನೇ ಬಂದು ನೋಡಿದ್ದೆ. ಹೇಗೆ ಹೇಳಲಿ? ಈ ಸಲ ಅದೇ ತರದ್ದೊಂದು ಹಳೇ ಮನೆ ತೋರಿಸಿ ಇದೇ ಅಂದುಬಿಡೋಣ ಅಂದ್ಕೊಂಡೆ. ಫೋಟೋ ಇದ್ದರೆ ಸುಳ್ಳು ಸಿಕ್ಕಿಬೀಳ್ತಿತ್ತು. ಊರಿಗೆ ಹೋದ್ಮೇಲೆ ವಾಪಸು ಇಡ್ತಿದ್ದೆ."

ಅಮ್ಮ ಫೋಟೋವನ್ನು ಸೆರಗಿನಿಂದ ಒರೆಸಿದಳು.

"ನಾವಿದ್ದಾಗಲೇ ಬಿರುಕು ಬಿಟ್ಟಿತ್ತು ಆ ಮನೆ," ಎಂದಳು. "ನಿಂತಿರುತ್ತೆ ಅಂತ ನಾನು ಬಂದೆನಾ? ಕೆಡವಿದ್ದನ್ನು ಒಬ್ಬನೇ ನೋಡಿ, ಇಷ್ಟು ವರ್ಷ ಒಬ್ಬನೇ ಹೊಟ್ಟೇಲಿಟ್ಕೊಂಡ್ಯಲ್ಲೋ. ನನ್ನ ಹತ್ರ ಹೇಳಿದ್ರೆ ಇಬ್ಬರೂ ಒಂದು ಸಲ ಅತ್ತು ಮುಗಿಸ್ತಿದ್ವಿ." ಸೀರೆಯ ನೆರಿಗೆ ಸರಿಪಡಿಸಿಕೊಂಡು ಎದ್ದಳು. "ನಡಿ, ತೋರಿಸು."

ಟ್ರಾಮು ಹತ್ತಿದೆವು. ಇಳಿದು ಇಳಿಜಾರಿನ ಬೀದಿ ಹಿಡಿದೆವು. ಮೂಲೆಯಲ್ಲಿ ಆ ಬೂದುಬಣ್ಣದ ಕಟ್ಟಡ, ಗೋಡೆಯಿಲ್ಲದ ಮಹಡಿಗಳು, ಸಾಲಾಗಿ ನಿಂತ ಕಾರುಗಳು. ಅಣ್ಣ ಫುಟ್‌ಪಾತಿನಲ್ಲೇ ನಿಂತುಬಿಟ್ಟ. ಅಮ್ಮ ನಿಲ್ಲಲಿಲ್ಲ.

"ನಮ್ಮದು ಎರಡನೇ ಮಹಡಿ," ಎಂದು ಲಿಫ್ಟಿನ ಗುಂಡಿ ಒತ್ತಿದಳು.

ಮೇಲೆ ಪೆಟ್ರೋಲಿನ ವಾಸನೆ. ಅಮ್ಮ ಕಾರುಗಳ ನಡುವೆ ದಾರಿ ಬಲ್ಲವಳಂತೆ ನಡೆದು ಕೊನೆಯ ಮೂಲೆಯ ತಡೆಕಂಬಿ ಹಿಡಿದಳು. ಎದುರಿಗೆ ಸಮುದ್ರ. ಅಂಚಿನಲ್ಲಿ ಕ್ರೇನುಗಳು ನಿಧಾನವಾಗಿ ಕತ್ತು ತಿರುಗಿಸುತ್ತಿದ್ದವು.

"ಇಲ್ಲೇ ಒಲೆ ಇತ್ತು. ಅವರ ಕ್ರೇನು ನಿಂತಿದ್ದು ಕಂಡ್ರೆ, ಅನ್ನಕ್ಕಿಡ್ತಿದ್ದೆ."

ಚಿಕ್ಕಮ್ಮ ಮುಖ ಆಚೆ ತಿರುಗಿಸಿಕೊಂಡಳು. ಅತ್ತಿಗೆ ನನ್ನ ಕೈ ಹಿಡಿದಳು. ಅಣ್ಣ ಲಿಫ್ಟಿನಿಂದ ತಡವಾಗಿ ಬಂದವನು, ಹತ್ತಿರ ಬರುವ ಧೈರ್ಯವಿಲ್ಲದೆ ಒಂದು ಕೆಂಪು ಕಾರಿನ ಪಕ್ಕದಲ್ಲೇ ಉಳಿದಿದ್ದ.

ಅಮ್ಮ ತಿರುಗಿ ಅವನನ್ನು ನೋಡಿದಳು.

"ಏಯ್, ಆ ಕಡೆಯಿಂದ ಈಚೆ ಬಾರೋ," ಎಂದಳು. "ತೊಟ್ಟಿಲ ಮೇಲೆ ನಿಂತಿದ್ದೀಯ. ಮಗು ಏಳುತ್ತೆ."