ತೆರೆಯ ಮೇಲಿನ ತುಣುಕು

"ಯಾರೋ ಪಾಪ... ಇವರ ಗಾಡಿ ಇನ್ನು ಓಡಲ್ಲ ಬಿಡಿ."

ಸೂಕ್ಷ್ಮದರ್ಶಕದ ತೆರೆ ನೋಡುತ್ತಾ ತಾರಸ್ ನಕ್ಕ. ಪಕ್ಕದಲ್ಲಿ ನಿಂತಿದ್ದ ಸಿಗ್ರಿಡ್‌ಳ ಕಣ್ಣು ತೆರೆಯಲ್ಲೇ ನೆಟ್ಟಿತ್ತು.

ತೆರೆಯ ಮೇಲಿದ್ದದ್ದು ಸ್ನಾಯುವಿನ ಒಂದು ಜೀವಕೋಶ. ಉಂಡದ್ದನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯಗಳು ಅದರಲ್ಲಿ ಊದಿಕೊಂಡು, ಒಳಗೆ ಸಾಲುಸಾಲಾಗಿ ಹರಳು ಕಟ್ಟಿಕೊಂಡಿದ್ದವು. ನಿಲ್ಲಿಸಿದ ಕಾರುಗಳನ್ನು ಮೇಲಿನಿಂದ ನೋಡಿದ ಹಾಗೆ. ಲ್ಯಾಬಿನವರು ಅದಕ್ಕೆ 'ಪಾರ್ಕಿಂಗ್ ಲಾಟ್' ಎನ್ನುತ್ತಿದ್ದರು. ರೋಗಿಗಳ ಮೈಯಿಂದ ತೆಗೆದ ತುಣುಕುಗಳಿಗೆ ಅಲ್ಲಿ ಹೆಸರಿಲ್ಲ, ಬರೀ ಸಂಖ್ಯೆ ಮತ್ತು ತೆಗೆದ ಜಾಗ. ಹಾಗಾಗಿ ನಗುವುದಕ್ಕೆ ಯಾರೂ ಅಳುಕುತ್ತಿರಲಿಲ್ಲ.

ಆದರೆ ಈ ತುಣುಕು ಸಿಗ್ರಿಡ್‌ಳ ಎಡತೊಡೆಯದು. ವಜ್ರದ ಅಲಗಿನಿಂದ ಅದನ್ನು ತೆಳ್ಳಗೆ ಸೀಳಿದವಳೂ ಅವಳೇ.

'ಅಮ್ಮ ಹೋದದ್ದು ಇದೇ ಕಾಯಿಲೆಯಲ್ಲಿ... ಈಗ ನಾನು.'

ಅವಳು ತಿರುಗಿ ಹೊರನಡೆದಳು.

ತಾರಸ್‌ಗೆ ಉರಿಯಿತು. ವಿನಿಪೆಗ್‌ನ ನದಿ ಹೆಪ್ಪುಗಟ್ಟಿದಾಗಿನಿಂದ ಸ್ಕೇಟಿಂಗಿಗೆ ಬನ್ನಿ ಎಂದು ಅವಳನ್ನು ಕರೆಯುತ್ತಲೇ ಇದ್ದ. ಪ್ರತಿ ಸಲವೂ ಒಂದು ನೆಪ. ಈಗ ಬೆನ್ನು ತಿರುಗಿಸಿ ಹೋದಳು! ಎಷ್ಟು ಜಂಬ ಇವಳಿಗೆ... ಕೇಳಿಯೇ ಬಿಡೋಣವೆಂದು ಹಿಂದೆಯೇ ಹೊರಟ.

ಮೆಟ್ಟಿಲ ನಡುವೆ ಅವಳು ಏದುಸಿರು ಬಿಡುತ್ತಾ ಕೂತಿದ್ದಳು. ಎಡತೊಡೆಯನ್ನು ಒತ್ತಿ ಹಿಡಿದಿದ್ದಳು. ಹೊಲಿಗೆ ಬಿಚ್ಚಿ ಪ್ಯಾಂಟಿಗೆ ರಕ್ತ ಹತ್ತಿತ್ತು.

ಎಡತೊಡೆ... ತೆರೆಯ ಮೇಲಿನ ಆ ಸಂಖ್ಯೆಯ ಕೆಳಗೂ ಅದೇ ಬರೆದಿತ್ತು.

"ಅದು... ನಿಮ್ದಾ?"

ಅವಳು ಹೌದೆಂದು ತಲೆಯಾಡಿಸಿದಳು.

ತನ್ನ ನಾಲಿಗೆಯನ್ನೇ ಕಿತ್ತು ಹಾಕಬೇಕೆನ್ನಿಸಿತು ಅವನಿಗೆ. ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅವಳು ಎಲ್ಲವನ್ನೂ ಹೇಳಿದಳು. ಸ್ಕೇಟಿಂಗ್ ಬೇಡವೆಂದದ್ದು ಕಾಲು ನಿಲ್ಲದ್ದಕ್ಕೆ, ಅವನು ಬೇಡವೆಂದಲ್ಲ. ಮೈಟೊಕಾಂಡ್ರಿಯ ಬರುವುದು ತಾಯಿಯಿಂದಲೇ. ತನಗೆ ಮಕ್ಕಳಾದರೆ ಅವರಿಗೂ ಇದೇ ಕಾಯಿಲೆ ಬಂದೀತು.

"ನನ್ನನ್ನ ಕಟ್ಕೊಂಡು ಏನ್ ಮಾಡ್ತೀಯ? ಪಾರ್ಕಿಂಗ್ ಲಾಟ್ ಕಾಯ್ತೀಯಾ?"

ಅವನು ಅತ್ತುಬಿಟ್ಟ. ಎಲ್ಲ ಸರಿಹೋಗುತ್ತದೆ ಎನ್ನುವಂತಿರಲಿಲ್ಲ. ತೆರೆಯನ್ನು ಇಬ್ಬರೂ ನೋಡಿದ್ದರು, ವಾಸಿ ಮಾಡುವ ಮದ್ದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ನೀನ್ ಅಂದ್ರೆ ನಂಗೆ ಪ್ರಾಣ, ಸಿಗ್ರಿಡ್. ಮೊದ್ಲೂ ಅಷ್ಟೇ, ಅದನ್ನ ನೋಡಿದ್ಮೇಲೂ ಅಷ್ಟೇ."

ಅವಳು ಗೋಡೆ ಹಿಡಿದು ಎದ್ದು ಹೋದಳು. ಆದರೆ ಗಾಯ ಮಾಗಿದ ಮೇಲಿನ ಭಾನುವಾರ, ಅವನು ಕರೆದಾಗ ನದಿಗೆ ಬಂದಳು. ಅವನ ಕಾಲಲ್ಲಿ ಸ್ಕೇಟ್ಸ್, ಕೈಯಲ್ಲಿ ಹಗ್ಗ. ಹಗ್ಗದ ತುದಿಗೆ ಮಕ್ಕಳನ್ನು ಕೂರಿಸಿ ಎಳೆಯುವ ಹಿಮಬಂಡಿ, ಅದರೊಳಗೆ ಕಂಬಳಿ.

"ಇದೇನಿದು?"

"ಗಾಡಿ ಓಡ್ದಿದ್ರೆ ಎಳ್ಕೊಂಡ್ ಹೋಗೋದು."

ಅವಳಿಗೆ ನಗು ಬಂತು... ಕಣ್ಣೂ ತುಂಬಿತು.

"ಎಲ್ಲೀವರ್ಗೆ ಎಳೀತೀಯ?"

"ಮಂಜುಗಡ್ಡೆ ಇರೋವರ್ಗೆ."

"ಬೇಗ ಕರಗತ್ತೆ, ತಾರಸ್."

"ಗೊತ್ತು. ಕೂತ್ಕೋ."

ಅವಳು ಕೂತಳು. ಅವನು ಬಾಗಿ ಅವಳ ಕಾಲಿಗೆ ಕಂಬಳಿ ಹೊದಿಸಿದ.