ಪರದೇಶಕ್ಕೆ ಹೊರಟ ಗೌರಿ

"ಯಾರು ತೆಗೆದ್ರು ಅಂತ ನನ್ನ ಕೇಳ್ಬೇಡಿ ಟೀಚರಮ್ಮ. ನಾನು ತೆಗೆದಿಲ್ಲ ಅಂತ ಮಾತ್ರ ತೋರಿಸಿಕೊಡಿ."

ಪಾಪಮ್ಮ ಅಂಗಳದಲ್ಲೇ ನಿಂತು ಹೀಗೆಂದಾಗ ಶುಕ್ರವಾರ ಬೆಳಗಿನ ಹತ್ತು ಗಂಟೆ. ಕೂರಲು ಹೇಳಿದರೂ ಅವಳು ಕೂರಲಿಲ್ಲ. ಜಾವಳಿಯ ಮಹಿಳಾ ಸಂಘದ ಭವನವನ್ನು ಹತ್ತೊಂಬತ್ತು ವರ್ಷದಿಂದ ಗುಡಿಸಿ, ಒರೆಸಿ, ಬೀಗ ಹಾಕುತ್ತ ಬಂದವಳು ಅವಳು. ಆ ಬೆಳಗ್ಗೆ ಭವನದಿಂದ ಬೆಳ್ಳಿಯ ಗೌರಿ ಮುಖ ಕಾಣೆಯಾಗಿತ್ತು. ನೆರೆದವರೆಲ್ಲರ ಎದುರು ಅವಳ ಚೀಲ ಬಿಚ್ಚಿ ನೆಲಕ್ಕೆ ಸುರಿದಿದ್ದರು. ಏನೂ ಸಿಗದಿದ್ದಾಗ, ಆಗಲೇ ಹೊರಗೆ ಸಾಗಿಸಿದ್ದಾಳೆ ಎಂದರು. ಮಧ್ಯಾಹ್ನದೊಳಗೆ ಮುಖ ಸಿಗದಿದ್ದರೆ ಪೊಲೀಸರಿಗೆ ಅವಳ ಹೆಸರು ಬರೆದುಕೊಡುವುದೆಂದು ತೀರ್ಮಾನವಾಗಿತ್ತು.

ಶಂಕರಮ್ಮ ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು. ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರ ಬಾಗಿಲಿಗೆ, ಏನು ಕಳೆದರೂ ಜನ ಮೊದಲು ಬರುತ್ತಿದ್ದರು. ನಾನು ಎಂ.ಎ. ಮುಗಿಸಿ ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಾತಿಗಿಂತ ಮೌನದ ಕಡೆಗೆ ಕಿವಿ ಹೋಗುವ ಸ್ವಭಾವ ನನ್ನದು. ಅದೊಂದೇ ಕಾರಣಕ್ಕೆ ಅವರು ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ದಾರಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಧನ್ಯಾ, ಅವಳ ಮಾತು ಗಮನಿಸಿದೆಯಾ?" ಗಮನಿಸಿದ್ದೆ. ಯಾರು ತೆಗೆದರೆಂದು ಪಾಪಮ್ಮನಿಗೆ ಗೊತ್ತಿತ್ತು.

ಭವನದಲ್ಲಿ ಮೂರು ದಿನದ 'ಜಗತ್ತಿನ ಹಬ್ಬಗಳು' ಪ್ರದರ್ಶನ ನಡೆದಿತ್ತು. ಐದು ದೇಶ, ಐದು ಮೇಜು. ಇರಾನಿನ ಹೊಸವರ್ಷದ ಮೇಜಿನಲ್ಲಿ ಮೊಳಕೆ ಬರಿಸಿದ ಗೋಧಿ, ಕನ್ನಡಿ, ಗಾಜಿನ ಬಟ್ಟಲುಗಳು. ಜಪಾನಿನ ಹೆಣ್ಣುಮಕ್ಕಳ ಹಬ್ಬಕ್ಕೆ ಕೆಂಪು ಮೆಟ್ಟಿಲ ಮೇಲೆ ರಾಜ ರಾಣಿ ಗೊಂಬೆಗಳು. ಸತ್ತವರು ಮನೆಗೆ ಬರುವ ದಿನಕ್ಕೆ ಮೆಕ್ಸಿಕೋದವರು ಚೆಂಡುಹೂ ಹಾಸಿ ಕಟ್ಟುವ ಗದ್ದುಗೆ. ಪೋಲೆಂಡಿನವರ ಕ್ರಿಸ್‌ಮಸ್ ಮುನ್ನಾದಿನದ ಊಟದ ಮೇಜು. ಬಿಳಿ ಬಟ್ಟೆಯ ಕೆಳಗೆ ಒಣಹುಲ್ಲು, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಕೊನೆಯದು ನಮ್ಮದು, ಗೌರಿ ಹಬ್ಬದ ಮೇಜು. ಎಲ್ಲಕ್ಕೂ ಚೀಟಿ ಬರೆದವಳು ನಾನೇ. ಅಷ್ಟು ದೂರದ ದೇಶಗಳ ಸಾಲಿನಲ್ಲಿ ನಮ್ಮ ಗೌರಿ ತಲೆಯೆತ್ತಿ ಕುಳಿತದ್ದನ್ನು ನೋಡಿದಾಗ, ಹೇಳಿಕೊಳ್ಳಲಾಗದ ಒಂದು ಹೆಮ್ಮೆ ನನಗಾಗಿತ್ತು. ಶುಕ್ರವಾರ ಮೂರು ಗಂಟೆಗೆ ಎಲ್ಲವೂ ವ್ಯಾನಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಎರಡು ವರ್ಷ ಪರದೇಶದ ಊರೂರಿಗೆ ಹೊರಡಬೇಕಿತ್ತು.

ಗೌರಿ ಮುಖ ವಸಂತಮ್ಮನವರ ಮನೆಯದು, ಐದು ತಲೆಮಾರಿನದು. ಹಿಂದಿನ ವರ್ಷ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಗೌರಿ ಪೂಜೆ ನಿಂತಿತ್ತು. ಪೆಟ್ಟಿಗೆಯಲ್ಲಿ ಕೂರುವುದಕ್ಕಿಂತ ಲೋಕ ನೋಡಲಿ ಎಂದು ಮಗ ಬಸವಪ್ರಸಾದ್ ಅದನ್ನು ಪ್ರದರ್ಶನಕ್ಕೆ ಕೊಟ್ಟಿದ್ದರು. ಪ್ರದರ್ಶನವಾದರೂ ಶಾಸ್ತ್ರ ಬಿಡಬಾರದೆಂದು ಸಂಘದ ಹೆಂಗಸರು ಬುಧವಾರ ಕಳಸವಿಟ್ಟು, ತೆಂಗಿನಕಾಯಿಗೆ ಮುಖ ಕಟ್ಟಿ, ಪೂಜೆ ಮಾಡಿಯೇ ಕೂರಿಸಿದ್ದರು. ಆ ದಿನ ವಸಂತಮ್ಮ ಹಣೆಗೆ ವಿಭೂತಿ ಮಾತ್ರ ಇಟ್ಟುಕೊಂಡು ಬಂದು ದೂರದಲ್ಲಿ ನಿಂತಿದ್ದರು. ಆಮೇಲೆ ಪೋಲೆಂಡಿನ ಮೇಜಿನ ಬಳಿ ಬಂದು, ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು: 'ಹೇಳದೆ ಬರುವ ಅತಿಥಿಗೆಂದು ಒಂದು ಜಾಗ ಖಾಲಿ ಬಿಡುತ್ತಾರೆ.'

ಬಾಗಿಲಲ್ಲೇ ಪ್ರದರ್ಶನದ ಕಾರ್ಯದರ್ಶಿ ಓಂಕಾರಮೂರ್ತಿ ಎದುರಾದರು. "ಇದ್ರಲ್ಲಿ ಪತ್ತೆ ಮಾಡೋಕೆ ಏನಿದೆ ಟೀಚರೇ? ಬೀಗದ ಕೈ ಯಾರ ಹತ್ರ ಇತ್ತು, ಅಷ್ಟು ಸಾಕಲ್ವಾ?"

"ನಾಲ್ಕನೇ ಕ್ಲಾಸಲ್ಲೂ ನೀನು ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಮಾಡ್ತಿದ್ದೆ ಮಾರಾಯ," ಎಂದು ಶಂಕರಮ್ಮ ಒಳಗೆ ನಡೆದರು.

ವಿಚಾರಿಸಿದಾಗ ಇಷ್ಟು ತಿಳಿಯಿತು. ಏಳಕ್ಕೆ ಪಾಪಮ್ಮ ಬೀಗ ತೆಗೆದಿದ್ದಳು. ಆಗ ಗೌರಿ ಇದ್ದಳು. ಏಳೂವರೆಗೆ ಓಂಕಾರಮೂರ್ತಿ, ಅವರ ಜೊತೆ ಸಾಮಾನು ಕಟ್ಟುವ ವೀರೇಂದ್ರ ಬಂದು ಪೆಟ್ಟಿಗೆಗಳ ಅಳತೆ ನೋಡಿದ್ದರು. ಎಂಟಕ್ಕೆ ಬಸವಪ್ರಸಾದ್ ತಾಯಿಯನ್ನು ಕರೆತಂದರು. ಕಾಲು ನೋವೆಂದು ವಸಂತಮ್ಮ ಒಳಗೇ ಕುಳಿತರು. ಗಂಡಸರು ಮೂವರೂ ವ್ಯಾನಿನ ಬಳಿ ಹೋದರು. ಪಾಪಮ್ಮ ಹಿಂಬದಿಯ ಕಿಟಕಿಯ ಕೆಳಗಿನ ನಲ್ಲಿಯಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಒಂಬತ್ತಕ್ಕೆ ಓಂಕಾರಮೂರ್ತಿ ಒಳಗೆ ಬಂದರೆ ಕಳಸವಿತ್ತು, ಕಾಯಿಯಿತ್ತು, ಮುಖವಿರಲಿಲ್ಲ. ವಸಂತಮ್ಮ ಆಗ ಹೊರಗೆ ಜಗುಲಿಯಲ್ಲಿದ್ದರು. ತಾವು ಎಂಟೂವರೆಗೇ ಹೊರಗೆ ಬಂದದ್ದಾಗಿ ಹೇಳಿದರು. ಅಷ್ಟು ಹೇಳಿ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮಗ ಪಕ್ಕದಲ್ಲೇ ನಿಂತಿದ್ದರು.

ಶಂಕರಮ್ಮ ನಮ್ಮ ಮೇಜಿನೆದುರು ಬಗ್ಗಿ ಬಹಳ ಹೊತ್ತು ನೋಡಿದರು. ಬೆಳ್ಳಿಯ ದೀಪ, ಬೆಳ್ಳಿಯ ಕುಂಕುಮದ ಬಟ್ಟಲು ಇದ್ದಲ್ಲೇ ಇದ್ದವು. ಮುಖ ಕಟ್ಟಿದ್ದ ದಾರ ಹರಿದಿರಲಿಲ್ಲ, ಬಿಚ್ಚಿ ಮಡಿಸಿಟ್ಟಿತ್ತು. ಕಳಸದ ತಳ ತಟ್ಟೆಯ ಅಕ್ಕಿಯಲ್ಲಿ ಒತ್ತಿದ್ದ ದುಂಡನೆಯ ಗುರುತು ಕಾಣುತ್ತಿತ್ತು. ಕಳಸ ಅದರಿಂದ ಎರಡು ಬೆರಳು ಉತ್ತರಕ್ಕೆ ಸರಿದಿತ್ತು. ಕಾಯಿಯ ಮೇಲೆ ಹೊಸ ಅಕ್ಷತೆಯ ನಾಲ್ಕು ಕಾಳು. ಅವರು ನೆಟ್ಟಗೆ ನಿಂತು ಉಳಿದ ಮೇಜುಗಳನ್ನು ಒಂದೊಂದಾಗಿ ನೋಡಿದರು. "ಧನ್ಯಾ, ಎಲ್ಲರನ್ನೂ ಒಳಗೆ ಕರಿ," ಎಂದರು.

ಎಲ್ಲರೂ ಬಂದರು. ಪಾಪಮ್ಮ ಬಾಗಿಲ ಬಳಿ ನಿಂತಳು. ಅವಳ ಹಣೆಯಲ್ಲಿ ಎಂದಿನಂತೆ ಅಗಲವಾದ ಕುಂಕುಮ.

"ಬೆಳ್ಳಿ ಬೇಕಿದ್ದವರು ದೀಪ ಬಿಡ್ತಿರಲಿಲ್ಲ," ಶಂಕರಮ್ಮ ಪಾಠ ಹೇಳುವ ದನಿಯಲ್ಲಿ ಶುರುಮಾಡಿದರು. "ವೀರೇಂದ್ರ ಕದಿಯೋ ಅಗತ್ಯವೇ ಇಲ್ಲ, ಮೂರು ಗಂಟೆಗೆ ಅದು ತಾನಾಗೇ ಅವನ ಪೆಟ್ಟಿಗೆಗೆ ಬರ್ತಿತ್ತು. ಈಗ ಕಳಸ ನೋಡಿ. ಪೂಜೆಗೆ ಕೂರಿಸಿದ ದೇವರನ್ನು ಎತ್ತೋ ಮೊದಲು ನಾವೇನು ಮಾಡ್ತೀವಿ?"

"ಅಕ್ಷತೆ ಹಾಕಿ, ಉತ್ತರಕ್ಕೆ ಒಂಚೂರು ಕದಲಿಸ್ತೀವಿ," ಸಂಘದ ಹೆಂಗಸೊಬ್ಬರು ಹೇಳಿದರು.

"ಇಲ್ಲೂ ಅದೇ ಆಗಿದೆ. ತೆಗೆದವರ ಕಣ್ಣಿಗೆ ಇದು ಬೆಳ್ಳಿ ಅಲ್ಲ, ಗೌರಿ. ತವರಿಗೆ ಬಂದ ಮಗಳು. ಅಷ್ಟು ಶಾಸ್ತ್ರ ಮಾಡಿದವರು ಇವತ್ತು, ಶುಕ್ರವಾರ, ಮಗಳನ್ನು ಹೊಸಿಲು ದಾಟಿಸ್ತಾರಾ?"

ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸುವುದಿಲ್ಲವೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನೀವು ಚೀಲ ಹುಡುಕಿದಿರಿ, ಭವನ ಹುಡುಕಲಿಲ್ಲ ಎಂದು ಶಂಕರಮ್ಮ ಮುಂದುವರಿಸಿದರು. ನಾಳೆಯವರೆಗೆ ಮಗಳನ್ನು ಎಲ್ಲಿ ಕೂರಿಸುವುದು? ಇರಾನಿನ ಮೇಜಿನಲ್ಲಿ ಎಲ್ಲವೂ ಗಾಜು, ಬಚ್ಚಿಡಲು ಜಾಗವಿಲ್ಲ. ಜಪಾನಿನ ಮೆಟ್ಟಿಲ ಮೇಲೆ ಎಲ್ಲವೂ ಎದುರಿಗೇ ಇದೆ. ಸತ್ತವರ ಗದ್ದುಗೆಯಲ್ಲಿ ಮುತ್ತೈದೆ ಗೌರಿಯನ್ನು ಯಾರೂ ಇಡುವುದಿಲ್ಲ. ಉಳಿದದ್ದು ಒಂದೇ, ಅತಿಥಿಗೆಂದು ಜಾಗ ಬಿಟ್ಟ ಮೇಜು.

ನಾನು ಪೋಲೆಂಡಿನ ಮೇಜಿನ ಬಿಳಿ ಬಟ್ಟೆ ಎತ್ತಿದೆ. ಖಾಲಿ ಕುರ್ಚಿಯ ಎದುರಿಗೆ, ಮೇಜಿನ ಕೆಳಗೆ, ಉಳಿದ ಹುಲ್ಲು ತುಂಬಿಟ್ಟ, ವ್ಯಾನಿಗೆ ಹೋಗದ ಬುಟ್ಟಿಯಿತ್ತು. ಹುಲ್ಲು ಸರಿಸಿದಾಗ ಹಸಿರು ಕುಪ್ಪಸದ ಕಣದಲ್ಲಿ ಕಟ್ಟಿದ ಗಂಟು ಸಿಕ್ಕಿತು. ಬಿಚ್ಚಿದರೆ ಗೌರಿಯ ಶಾಂತ ಮುಖ. ಜೊತೆಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ವೀಳ್ಯದೆಲೆ, ಅಡಿಕೆ. ಮಗಳನ್ನು ಕಳಿಸುವಾಗ ತಾಯಿ ತುಂಬುವ ಮಡಿಲಕ್ಕಿ.

"ಪಾಪಮ್ಮನೇ ಕಟ್ಟಿಟ್ಟಿರಬಹುದಲ್ಲ," ಓಂಕಾರಮೂರ್ತಿ ಮೆಲ್ಲಗೆ ಅಂದರು.

"ಇದರಲ್ಲಿ ಒಂದು ಕಡಿಮೆ ಇದೆ, ನೋಡು. ಅರಿಶಿನ ಕುಂಕುಮ ಇಲ್ಲ. ಬೆಳ್ಳಿ ಬಟ್ಟಲಲ್ಲಿ ಕೈಗೆ ಸಿಗೋ ಹಾಗೇ ಇತ್ತು. ಪಾಪಮ್ಮ ಆಗಿದ್ರೆ ಮೊದಲು ಅದನ್ನೇ ಹಾಕ್ತಿದ್ದಳು. ಇಷ್ಟೆಲ್ಲ ನೆನಪಿಟ್ಟವರು ಇದೊಂದನ್ನ ಮರೀಲಿಲ್ಲ. ಮುಟ್ಟಬಾರದು ಅಂತ ಕೈ ಹಿಂದಕ್ಕೆ ತಗೊಂಡಿದ್ದಾರೆ."

ಅಲ್ಲಿಗೆ ಅವರು ನಿಲ್ಲಿಸಿದರು. ಹೆಸರು ಹೇಳಲಿಲ್ಲ. ಹೊರಗೆ ಯಾರದೋ ಕಣದಲ್ಲಿ ಕಾಫಿ ಬೀಜ ಎಳೆಯುವ ಸದ್ದು ಕೇಳಿಸುತ್ತಿತ್ತು. ಶಂಕರಮ್ಮ ಯಾರನ್ನೂ ನೋಡದೆ ಕಾದರು. ಕಾಯುವುದೂ ಪತ್ತೇದಾರಿಕೆಯ ಒಂದು ಭಾಗವೆಂದು ನಾನು ಕಲಿತದ್ದು ಅಂದೇ.

ವಸಂತಮ್ಮ ಎದ್ದು ನಿಂತರು. "ನಾನೇ."

"ಅಮ್ಮಾ," ಎಂದರು ಬಸವಪ್ರಸಾದ್.

"ಮೂವತ್ತೆಂಟು ವರ್ಷ ಕೂರಿಸಿ ಕಳಿಸಿದ್ದೀನಿ ಕಣಪ್ಪ. ನಿಮ್ಮಪ್ಪ ಹೋದ್ರು ಅಂತ ಮಗಳೂ ಬೇಡವಾಗ್ತಾಳಾ? ಬರಿಗೈಲಿ, ಶುಕ್ರವಾರ, ಸಮುದ್ರದಾಚೆ ಕಳಿಸ್ತಿದ್ರಿ. ಪೂಜೆ ಮುಟ್ಟಬಾರದವಳು ಮುಟ್ಟಿದೆ ಅಂತ ಎಲ್ಲರೆದುರು ಹೇಳೋಕೆ ಬಾಯಿ ಬರಲಿಲ್ಲ." ಅವರು ಪಾಪಮ್ಮನ ಕಡೆ ತಿರುಗಿದರು. "ನಿನ್ನ ಚೀಲ ಸುರಿದಾಗಲೂ ಬರಲಿಲ್ಲ. ಅದು ನನ್ನ ತಪ್ಪು. ಗೌರೀನ ತೆಗೆದದ್ದಲ್ಲ."

ನಲ್ಲಿಯ ಬಳಿಯ ಕಿಟಕಿಯಿಂದ ಎಲ್ಲವನ್ನೂ ಕಂಡಿರಬೇಕಲ್ಲ, ಏಕೆ ಹೇಳಲಿಲ್ಲವೆಂದು ಓಂಕಾರಮೂರ್ತಿ ಪಾಪಮ್ಮನನ್ನು ಕೇಳಿದರು.

"ತಾಯಿ ಮಗಳಿಗೆ ಮಡಿಲು ತುಂಬ್ತಿದ್ರು. ಅದನ್ನ ಕಳ್ಳತನ ಅಂತ ನನ್ನ ಬಾಯಲ್ಲಿ ಯಾಕೆ ಹೇಳ್ಲಿ?" ಎಂದಳು ಪಾಪಮ್ಮ.

ಬಸವಪ್ರಸಾದ್ ಕುಂಕುಮದ ಬೆಳ್ಳಿಯ ಬಟ್ಟಲನ್ನು ತಂದು ತಾಯಿಯ ಮುಂದೆ ಹಿಡಿದರು. ವಸಂತಮ್ಮ ಗೌರಿಯ ಹಣೆಗೆ ಕುಂಕುಮ ಇಟ್ಟರು. ಮುಖ ಪರದೇಶಕ್ಕೆ ಹೋಗುವುದಿಲ್ಲ, ಶನಿವಾರ ಮನೆಗೆ ಹೋಗುತ್ತದೆ, ಬರುವ ವರ್ಷ ಅಮ್ಮನೇ ಕೂರಿಸುತ್ತಾರೆ ಎಂದು ಮಗ ಹೇಳಿದರು. ಪ್ರದರ್ಶನದ ಜೊತೆ ಹೋಗಲು ಮಣ್ಣಿನ ಗೌರಿ ಸಾಕು ಎಂದು ಸಂಘದ ಹೆಂಗಸರು ಒಪ್ಪಿದರು.

ಈ ಗದ್ದಲದ ನಡುವೆ ಓಂಕಾರಮೂರ್ತಿ ಪಾಪಮ್ಮನ ಬಳಿ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳತೊಡಗಿದರು. ಅವಳು ಕೈಯೆತ್ತಿ ತಡೆದಳು.

"ಇಲ್ಲಿ ಮೂಲೇಲಿ ಬೇಡ ಸ್ವಾಮಿ. ಚೀಲ ಬಿಚ್ಚಿದ್ದು ಎಲ್ಲರೆದುರು. ಇದೂ ಎಲ್ಲರೆದುರೇ ಆಗ್ಲಿ. ಆಗ ನೋಡಿದವರು ಇನ್ನೂ ಹೊರಗಿದ್ದಾರೆ, ಕರೀರಿ."

ಅವರು ಶಂಕರಮ್ಮನ ಮುಖ ನೋಡಿದರು. ಶಂಕರಮ್ಮ ಕಿಟಕಿಯ ಕಡೆ ನೋಡುತ್ತಿದ್ದರು. ಕೊನೆಗೆ ಓಂಕಾರಮೂರ್ತಿಯೇ ಹೋಗಿ ವ್ಯಾನಿನ ಚಾಲಕನನ್ನು, ಟೀ ತಂದವನನ್ನು, ದಾರಿಯಲ್ಲಿ ನಿಂತು ನೋಡಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆತಂದರು. ಎಲ್ಲರ ನಡುವೆ ನಿಂತು, ತಾನು ಸುಳ್ಳು ಹೊರಿಸಿದೆ, ಪಾಪಮ್ಮ ಕದ್ದಿಲ್ಲ, ತಪ್ಪಾಯಿತು ಎಂದು ಕೈಮುಗಿದರು. ದನಿ ಸಣ್ಣದಿತ್ತು. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಪಾಪಮ್ಮ ಹೇಳಿದಳು. ಅವರು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.

ಐದು ದೇಶಗಳ ಮೇಜುಗಳ ನಡುವೆ ಅವಳು ಬೆನ್ನು ನೆಟ್ಟಗೆ ಮಾಡಿ, ಒಂದೊಂದು ಮಾತನ್ನೂ ಎಣಿಸಿಕೊಳ್ಳುವವಳಂತೆ ಕೇಳಿಸಿಕೊಂಡಳು. ನಮ್ಮೂರಿನಿಂದ ಲೋಕಕ್ಕೆ ತೋರಿಸಲು ಏನಾದರೂ ಇದ್ದರೆ ಅದು ಇವಳೇ ಎಂದು ನನಗನ್ನಿಸಿತು.

"ಸರಿ," ಎಂದಳು ಪಾಪಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಈಗ ಎಲ್ಲ ಹೊರಗೆ ನಡೀರಿ. ನೆಲದ ತುಂಬ ಹುಲ್ಲು ಮಾಡಿಟ್ಟಿದ್ದೀರಿ."

ನಾವೆಲ್ಲ ಹೊರಗೆ ಬಂದೆವು. ಶಂಕರಮ್ಮನವರೂ.